ಕಡ್ಡಿ ಹಸಿರಿರಲಿ: ಶಿರಸಿ, ಕರಾವಳಿಯಲ್ಲಿ ದ್ರಾಕ್ಷಿಯನ್ನು ಎರಡು ತಿಂಗಳು ಕೆಡದಂತೆ ಇಡುವ ಬಗೆ

ಶಿರಸಿ ಅಡಿಕೆಯ ಊರು. ಇಲ್ಲಿ ಯಾರ ಹಿತ್ತಲಲ್ಲಾದರೂ ದ್ರಾಕ್ಷಿ ಬಳ್ಳಿ ಇದ್ದರೆ ಅದು ಚಪ್ಪರದ ಚೆಂದಕ್ಕೆ ಅಷ್ಟೇ. ನಾವು ಮಾರುವ ದ್ರಾಕ್ಷಿ ಪೂರ್ತಿ ಬಯಲುಸೀಮೆಯದು. ವಿಜಯಪುರ, ತಿಕೋಟಾ ಕಡೆ ಅಕ್ಟೋಬರಿನಲ್ಲಿ ಬಳ್ಳಿ ಸವರುತ್ತಾರೆ, ಅಲ್ಲಿಯವರು ಅದಕ್ಕೆ ಚಾಟ್ನಿ ಅನ್ನುತ್ತಾರೆ. ಫೆಬ್ರವರಿಯಿಂದ ಏಪ್ರಿಲ್ ತನಕ ಕೊಯ್ಲು. ಮಾರ್ಚ್ ಕೊನೆಗೆ ಎಲ್ಲರ ತೋಟದ ಹಣ್ಣು ಒಟ್ಟಿಗೆ ಬಂದು ರೇಟು ಬೀಳುತ್ತದೆ. ಮೇ ಹೊತ್ತಿಗೆ ಹುಡುಕಿದರೂ ಒಳ್ಳೆಯ ಹಣ್ಣು ಸಿಗುವುದಿಲ್ಲ. ಈ ಎರಡರ ನಡುವಿನ ಅಂತರವೇ ನಮ್ಮಂಥವರ ವ್ಯಾಪಾರ.

ನನ್ನದು ಹಣ್ಣಿನ ಹೋಲ್‌ಸೇಲ್ ಅಂಗಡಿ, ಹಿಂದುಗಡೆ ಒಂದು ಸಣ್ಣ ಕೋಲ್ಡ್ ರೂಮ್. ಮೊದಲ ವರ್ಷ 200 ಬಾಕ್ಸ್ ಇಟ್ಟೆ, 60ಕ್ಕೂ ಜಾಸ್ತಿ ಬಾಕ್ಸ್ ತಿಪ್ಪೆ ಸೇರಿತು. ಬಾಕ್ಸ್ ಮುಚ್ಚಿ ತಂಪಾಗಿಟ್ಟರೆ ಸಾಕು ಎಂದುಕೊಂಡಿದ್ದೇ ನನ್ನ ತಪ್ಪು. ಮರುವರ್ಷ ತೋಟಕ್ಕೇ ಹೋದೆ. ನಾನು ಹಣ್ಣನ್ನು ಒತ್ತಿ ಒತ್ತಿ ನೋಡುತ್ತಿದ್ದಾಗ ಅಲ್ಲಿನ ಹಿರಿಯರೊಬ್ಬರು, 'ಹಣ್ಣು ಏನು ನೋಡ್ತೀರಿ, ಕಡ್ಡಿ ನೋಡ್ರಿ. ಹಣ್ಣು ಸುಳ್ಳು ಹೇಳ್ತದ' ಎಂದರು. ಈಗ ನಾನು ಮಾಡುವುದೆಲ್ಲ ಗೊಂಚಲಿನ ಆ ಕಡ್ಡಿಯನ್ನು ನೋಡಿಕೊಂಡೇ.

ಕೊಯ್ದ ದ್ರಾಕ್ಷಿಗೆ ಆಗುವುದೇನು?

ಬಾಳೆ, ಮಾವು ಕೊಯ್ದ ಮೇಲೂ ಹಣ್ಣಾಗುತ್ತವೆ. ದ್ರಾಕ್ಷಿ ಹಾಗಲ್ಲ. ಬಳ್ಳಿಯಿಂದ ಬಿಡಿಸಿದ ದಿನ ಎಷ್ಟು ಸಿಹಿ ಇತ್ತೋ ಅಷ್ಟೇ, ಆಮೇಲೆ ಒಂದು ಗುಲಗಂಜಿಯಷ್ಟೂ ಏರುವುದಿಲ್ಲ. ಅಂದರೆ ಕೋಲ್ಡ್ ರೂಮಿನಲ್ಲಿ ಯಾವ ದ್ರಾಕ್ಷಿಯೂ ಸುಧಾರಿಸುವುದಿಲ್ಲ. ಇಳಿಯುವುದನ್ನು ನಿಧಾನ ಮಾಡಬಹುದು, ಅಷ್ಟೇ.

ಕೆಡುವುದು ಎರಡು ದಾರಿಯಲ್ಲಿ. ಒಂದು, ನೀರು ಆರುವುದು. ಹಣ್ಣಿನ ಮೇಲೆ ಬಿಳಿ ಹುಡಿಯಂಥ ಮೇಣ ಇರುತ್ತದೆ, ಅದು ನೀರನ್ನು ಹಿಡಿದಿಡುತ್ತದೆ. ಗೊಂಚಲಿನ ಕಡ್ಡಿಗೆ ಅಂಥ ರಕ್ಷಣೆ ಕಡಿಮೆ, ಆದ್ದರಿಂದ ಮೊದಲು ಒಣಗುವುದು ಅದೇ. ಗೊಂಚಲಿನ ತೂಕ 2ರಿಂದ 3 ಶೇಕಡಾ ಇಳಿದರೆ ಕಡ್ಡಿ ಕಂದಾಗಲು ಶುರು. ಆಗ ಹಣ್ಣು ನೋಡಲು ಇನ್ನೂ ಚೆನ್ನಾಗಿಯೇ ಇರುತ್ತದೆ, ಅದೇ ಆ ಹಿರಿಯರು ಹೇಳಿದ ಸುಳ್ಳು. ಇನ್ನಷ್ಟು ಇಳಿದರೆ ಹಣ್ಣು ಮೆತ್ತಗಾಗುತ್ತದೆ, ತೊಟ್ಟಿನಿಂದ ಉದುರುತ್ತದೆ.

ಇನ್ನೊಂದು ಬೂಸ್ಟು. ಅದರಲ್ಲೂ ಬೊಟ್ರೈಟಿಸ್ ಎಂಬ ಬೂದು ಬೂಸ್ಟು. ರೈಜೋಪಸ್‌ನಂಥ ಬೇರೆ ಬೂಸ್ಟು 5 ಡಿಗ್ರಿಗಿಂತ ಕೆಳಗೆ ಹೋದರೆ ಸುಮ್ಮನಾಗುತ್ತದೆ. ಇದು ಮಾತ್ರ 0 ಡಿಗ್ರಿಯಲ್ಲೂ ನಿಧಾನಕ್ಕೆ ಬೆಳೆಯುತ್ತದೆ. ಒಂದು ಹಣ್ಣಿಗೆ ಬಂದರೆ ಪಕ್ಕದ್ದಕ್ಕೆ, ಅದರಿಂದ ಮತ್ತೊಂದಕ್ಕೆ ಹಬ್ಬಿ, ಕೊನೆಗೆ ಬಾಕ್ಸಿನೊಳಗೆ ಹಕ್ಕಿ ಗೂಡಿನಂಥ ಉಂಡೆ. ನಮ್ಮ ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸಬೇಕಿಲ್ಲ, ಕೊಳೆ ರೋಗ ಕಂಡವರು ತಾನೆ?

ಕಷ್ಟ ಇರುವುದು ಇಲ್ಲಿ: ಕಡ್ಡಿ ಒಣಗದಿರಲು ತೇವ ಬೇಕು, ಬೂಸ್ಟು ಬಾರದಿರಲು ತೇವ ಇರಬಾರದು. ಹಾಗಾದರೆ? ಗಾಳಿಯಲ್ಲಿ ತೇವ ಇರಲಿ, ಹಣ್ಣಿನ ಮೇಲೆ ಒಂದು ಹನಿಯೂ ಕೂರದಿರಲಿ. ಕೆಳಗಿನ ಹಂತಗಳೆಲ್ಲ ಇದನ್ನು ಸಾಧಿಸಲಿಕ್ಕೇ.

ಹಂತ 1: ಇಡಲು ಯೋಗ್ಯವಾದ ಹಣ್ಣನ್ನೇ ಆರಿಸಿ

ಎಲ್ಲ ತಳಿಯೂ ಇಡಲು ಆಗುವುದಿಲ್ಲ. ಥಾಮ್ಸನ್ ಸೀಡ್‌ಲೆಸ್, ಅದರಿಂದಲೇ ಬಂದ ತಾಸ್-ಎ-ಗಣೇಶ್, ಸೊನಾಕಾ ಚೆನ್ನಾಗಿ ಇಟ್ಟರೆ ಎರಡು ತಿಂಗಳು ಬರುತ್ತವೆ. ರೆಡ್ ಗ್ಲೋಬ್ ಅದಕ್ಕಿಂತ ಗಟ್ಟಿ. ಬೆಂಗಳೂರು ನೀಲಿ ದ್ರಾಕ್ಷಿ ನನಗೆ ತಿನ್ನಲು ಬಹಳ ಇಷ್ಟ, ಆ ಪರಿಮಳ ಬೇರೆ ಯಾವುದಕ್ಕೂ ಇಲ್ಲ. ಆದರೆ ಸಿಪ್ಪೆ ಜಾರಿ ಬರುವ ಮೆತ್ತನೆ ಹಣ್ಣು ಅದು. ತಂದ ವಾರದಲ್ಲೇ ಮಾರಿಬಿಡಿ.

ತೋಟದಲ್ಲಿ ನೋಡಬೇಕಾದ್ದು ಇಷ್ಟು. ಕಡ್ಡಿ ಹಸಿರಾಗಿ, ಗಟ್ಟಿಯಾಗಿ ಇರಬೇಕು. ಗೊಂಚಲು ತೀರಾ ಒತ್ತಾಗಿರಬಾರದು. ಒತ್ತು ಗೊಂಚಲಿನಲ್ಲಿ ಹಣ್ಣುಗಳು ಒಂದನ್ನೊಂದು ಹಿಂಡಿ ಸಿಪ್ಪೆ ಬಿರಿಯುತ್ತದೆ, ಒಳಗೆ ಗಾಳಿಯೂ ಆಡುವುದಿಲ್ಲ. ಗೊಂಚಲನ್ನು ಎತ್ತಿ ಹಿಡಿದರೆ ಹಣ್ಣುಗಳು ಸ್ವಲ್ಪ ಅಲ್ಲಾಡಬೇಕು. ಸಿಹಿ ನೋಡಲು ರಿಫ್ರ್ಯಾಕ್ಟೋಮೀಟರ್ ಇಟ್ಟುಕೊಳ್ಳಿ, ಎರಡು ಹನಿ ರಸ ಹಾಕಿ ಬೆಳಕಿಗೆ ಹಿಡಿದರೆ ಅಂಕೆ ಕಾಣುತ್ತದೆ. ಥಾಮ್ಸನ್ ಜಾತಿಗೆ 18ರ ಆಸುಪಾಸು ಇದ್ದರೆ ನಾನು ತೆಗೆದುಕೊಳ್ಳುತ್ತೇನೆ. ಗೊಂಚಲಿನ ತುದಿಯ ಹಣ್ಣನ್ನೇ ಹಿಂಡಿ ನೋಡಿ. ಭುಜದ, ಅಂದರೆ ಗೊಂಚಲಿನ ಮೇಲ್ಭಾಗದ ಹಣ್ಣು ಬೇಗ ಸಿಹಿಯಾಗುತ್ತದೆ, ತುದಿ ಹಿಂದೆ ಬೀಳುತ್ತದೆ.

ಕೊಯ್ಲಿನ ಹಿಂದಿನ ವಾರ ಅಕಾಲ ಮಳೆ ಬಿದ್ದ ತೋಟದ ಹಣ್ಣನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ಇಡಲು ತರಬೇಡಿ. ಕಣ್ಣಿಗೆ ಕಾಣದ ಬಿರುಕು ಇರುತ್ತದೆ. ಅಂಥದ್ದನ್ನು ನಾಲ್ಕು ದಿನದಲ್ಲಿ ಮಾರುವುದಾದರೆ ಸರಿ.

ಹಂತ 2: ಕೊಯ್ದ ಮೊದಲ ಕೆಲವು ಗಂಟೆ

ಮಾರ್ಚ್ ಕೊನೆಗೆ ವಿಜಯಪುರದಲ್ಲಿ ಮಧ್ಯಾಹ್ನ 37, 38 ಡಿಗ್ರಿ ಬಿಸಿಲು. ಹನ್ನೊಂದು ಗಂಟೆಗೆ ಕೊಯ್ದ ಹಣ್ಣನ್ನು ಕೈಯಲ್ಲಿ ಹಿಡಿದರೇ ಬೆಚ್ಚಗಿರುತ್ತದೆ. ಆ ಬಿಸಿ ಹಣ್ಣು ಒಣ ಗಾಳಿಯಲ್ಲಿ ಒಂದೊಂದು ಗಂಟೆ ಕೂತಷ್ಟೂ ಕಡ್ಡಿಯ ಆಯಸ್ಸು ಕಡಿಮೆ. ಬೆಳಿಗ್ಗೆ ಇಬ್ಬನಿ ಆರಿದ ಕೂಡಲೇ ಶುರು ಮಾಡಿ, ಬಿಸಿಲೇರುವ ಮೊದಲು ಮುಗಿಸಲು ಹೇಳಿ. ಇಬ್ಬನಿ ಇರುವಾಗ ಕೊಯ್ದರೆ ಹಣ್ಣು ಒದ್ದೆ, ಅದೂ ಬೇಡ.

ಗೊಂಚಲನ್ನು ಕಡ್ಡಿ ಹಿಡಿದೇ ಎತ್ತಬೇಕು. ಹಣ್ಣನ್ನು ಅಂಗೈಯಲ್ಲಿ ಹಿಡಿದರೆ ಬಿಳಿ ಹುಡಿ ಒರೆಸಿಹೋಗುತ್ತದೆ, ಬೆರಳಿನ ಗುರುತು ಮಾರುವ ದಿನದ ತನಕ ಉಳಿಯುತ್ತದೆ. ಕೆಟ್ಟ ಹಣ್ಣು ಕಂಡರೆ ಎಳೆದು ಕೀಳಬೇಡಿ. ಎಳೆದಾಗ ತೊಟ್ಟಿನ ಜಾಗದಲ್ಲಿ ರಸ ಒಸರಿ ಪಕ್ಕದ ಹಣ್ಣಿಗೆ ತಾಗುತ್ತದೆ, ಬೂಸ್ಟಿಗೆ ಅದು ಹಬ್ಬದ ಊಟ. ಮೊನಚಲ್ಲದ, ಉರುಟು ತುದಿಯ ಸಣ್ಣ ಕತ್ತರಿಯಿಂದ ತೊಟ್ಟಿನ ಬುಡದಲ್ಲೇ ಕತ್ತರಿಸಿ.

ಹಂತ 3: ಪ್ರಿಕೂಲಿಂಗ್

ಎಲ್ಲಕ್ಕಿಂತ ಜಾಸ್ತಿ ದುಡ್ಡು ಉಳಿಸುವ ಹಂತ ಇದು, ಎಲ್ಲರೂ ಬಿಡುವ ಹಂತವೂ ಇದೇ. ಕೊಯ್ದ 4ರಿಂದ 6 ಗಂಟೆಯೊಳಗೆ ಹಣ್ಣಿನ ಒಳಗಿನ ಬಿಸಿ ತೆಗೆಯಲು ಶುರು ಮಾಡಬೇಕು. ಆಮೇಲೆ ಸುಮಾರು 6ರಿಂದ 8 ಗಂಟೆಯಲ್ಲಿ ಹಣ್ಣು 2ರಿಂದ 4 ಡಿಗ್ರಿಗೆ ಇಳಿಯಬೇಕು.

ವಿಜಯಪುರದಿಂದ ಶಿರಸಿಗೆ 300 ಕಿಲೋಮೀಟರ್ ಆಸುಪಾಸು. ಬೆಳಿಗ್ಗೆ ಕೊಯ್ದು, ಸಂಜೆ ಸಾದಾ ಲಾರಿಗೆ ತುಂಬಿ, ರಾತ್ರಿ ಹುಬ್ಬಳ್ಳಿ ದಾಟಿ ಬೆಳಗಾಗುವಾಗ ಇಲ್ಲಿ ಇಳಿಸಿದರೆ ಹಣ್ಣು ಬಿಸಿಯಲ್ಲೇ 20 ಗಂಟೆ ಕಳೆದಿರುತ್ತದೆ. ಅಂಥ ಹಣ್ಣನ್ನು ಎಷ್ಟು ಚೆನ್ನಾಗಿ ಇಟ್ಟರೂ ಮೂರು, ನಾಲ್ಕು ವಾರ ಅಂತ ನನ್ನ ಅನುಭವ. ಎರಡು ತಿಂಗಳು ಬೇಕೆಂದರೆ ಅಲ್ಲೇ ಪ್ರಿಕೂಲಿಂಗ್ ಮಾಡಿಸಿ, ತಂಪು ಗಾಡಿಯಲ್ಲೇ ತರಿಸಿ. ಗಾಡಿ ಬಾಡಿಗೆ ಜಾಸ್ತಿ, ನಿಜ. ನಾಲ್ಕೈದು ವ್ಯಾಪಾರಿಗಳು ಸೇರಿ ಒಂದು ಗಾಡಿ ಮಾಡಿದರೆ ಹೊರೆ ಇಳಿಯುತ್ತದೆ.

ಸಾದಾ ಲಾರಿಯಲ್ಲೇ ತಂದರೆ, ಇಳಿಸಿದ ಕೂಡಲೇ ಇಲ್ಲೇ ಮಾಡಿ. ಬಾಕ್ಸನ್ನು ಸುಮ್ನೆ ಕೋಲ್ಡ್ ರೂಮಿನಲ್ಲಿ ಪೇರಿಸಿದರೆ ಅದು ಪ್ರಿಕೂಲಿಂಗ್ ಅಲ್ಲ. ಪೇರಿಸಿದ ರಾಶಿಯ ನಡುವಿನ ಬಾಕ್ಸ್ ತಣಿಯಲು ಎರಡು ಮೂರು ದಿನ ಹಿಡಿಯುತ್ತದೆ. ತಣ್ಣನೆ ಗಾಳಿ ಬಾಕ್ಸಿನ ಪಕ್ಕದಿಂದ ಹೋದರೆ ಸಾಲದು, ಬಾಕ್ಸಿನ ಒಳಗಿಂದ ಹಾಯಬೇಕು. ನಾನು ಮಾಡುವುದು ಹೀಗೆ.

ಬಾಕ್ಸುಗಳನ್ನು ಎರಡು ಸಾಲಾಗಿ, ಗೋಡೆಯಂತೆ ಪೇರಿಸಿ. ನಡುವೆ ಒಂದೂವರೆ ಅಡಿಯ ಓಣಿ. ಬಾಕ್ಸಿನ ತೂತುಗಳು ಓಣಿಯ ಕಡೆಗೂ ಹೊರಗಿನ ಕಡೆಗೂ ಇರಬೇಕು, ಒಂದರ ತೂತಿಗೆ ಇನ್ನೊಂದರ ತೂತು ಸರಿಯಾಗಿ ಹೊಂದಬೇಕು. ಓಣಿಯ ಒಂದು ತುದಿಗೆ ಎಕ್ಸಾಸ್ಟ್ ಫ್ಯಾನ್ ನಿಲ್ಲಿಸಿ, ಅದು ಓಣಿಯ ಗಾಳಿಯನ್ನು ಎಳೆದು ಹೊರಗೆ ಬಿಡುವಂತೆ. ಓಣಿಯ ಮೇಲ್ಭಾಗಕ್ಕೂ ಇನ್ನೊಂದು ತುದಿಗೂ ತಾಡಪಾಲು ಮುಚ್ಚಿ. ಫ್ಯಾನ್ ಹಾಕಿದಾಗ ತಾಡಪಾಲು ಓಣಿಯೊಳಗೆ ಬಗ್ಗಿ ಬಿಗಿಯಾಗುತ್ತದೆ. ಹಾಗಾದರೆ ಗಾಳಿಗೆ ಬೇರೆ ದಾರಿಯಿಲ್ಲ, ಬಾಕ್ಸಿನ ತೂತಿನಿಂದಲೇ ನುಗ್ಗಬೇಕು. ತಾಡಪಾಲು ಪಟಪಟ ಹೊಡೆದುಕೊಳ್ಳುತ್ತಿದ್ದರೆ ಎಲ್ಲೋ ಸಂದು ಇದೆ ಅಂತ ಅರ್ಥ. ಸಂದಿಗೆ ಗೋಣಿ ತುರುಕಿ.

ರೂಮಿನ ಮೀಟರು ತೋರಿಸುವುದು ಗಾಳಿಯ ಉಷ್ಣಾಂಶ. ನಿಮಗೆ ಬೇಕಾದ್ದು ಹಣ್ಣಿನದ್ದು. ಸೂಜಿ ಇರುವ ಡಿಜಿಟಲ್ ಥರ್ಮಾಮೀಟರ್ ತಂದು, ಓಣಿಯ ಬದಿಯ ಬಾಕ್ಸಿನ ಒಂದು ಹಣ್ಣಿಗೆ ಚುಚ್ಚಿ ನೋಡಿ. ಕೊನೆಗೆ ತಣಿಯುವುದು ಆ ಬದಿಯ ಹಣ್ಣೇ. ಅದು 2 ತೋರಿಸಿದರೆ ಫ್ಯಾನ್ ನಿಲ್ಲಿಸಿ. ಆಮೇಲೂ ಓಡಿಸಿದರೆ ಸುಮ್ನೆ ಕಡ್ಡಿ ಒಣಗಿಸಿದಂತೆ.

ಥರ್ಮಾಮೀಟರನ್ನು ನಂಬುವ ಮೊದಲು ಪರೀಕ್ಷೆ ಮಾಡಿ. ಲೋಟದ ತುಂಬ ಪುಡಿ ಮಾಡಿದ ಐಸ್, ಸಂದು ತುಂಬುವಷ್ಟು ನೀರು, ಕಲಕಿ ಎರಡು ನಿಮಿಷ ಸೂಜಿ ಅದ್ದಿಡಿ. 0 ತೋರಿಸಬೇಕು. ನನ್ನದು 1.4 ತೋರಿಸುತ್ತಿತ್ತು. ಒಂದಿಡೀ ಸೀಸನ್ ಅದನ್ನೇ ನಂಬಿಕೊಂಡಿದ್ದೆ!

ಹಂತ 4: ಲೈನರ್ ಮತ್ತು ಗಂಧಕದ ಪ್ಯಾಡ್

ಎರಡು ವಾರಕ್ಕಿಂತ ಜಾಸ್ತಿ ಇಡುವುದಾದರೆ ತಂಪು ಒಂದೇ ಸಾಲದು. ಬೂದು ಬೂಸ್ಟನ್ನು ತಡೆಯಲು ಜಗತ್ತಿನಾದ್ಯಂತ ದ್ರಾಕ್ಷಿಗೆ ಬಳಸುವುದು ಸಲ್ಫರ್ ಡೈಆಕ್ಸೈಡ್ ಎಂಬ ಗಂಧಕದ ಗಾಳಿ. 0 ಡಿಗ್ರಿಯಲ್ಲಿ 10 ಲಕ್ಷಕ್ಕೆ 100 ಭಾಗದಷ್ಟು ಒಂದು ಗಂಟೆ ತಾಗಿದರೆ ಬೂಸ್ಟಿನ ಬೀಜಕಣ ಸಾಯುತ್ತವೆ. 50 ಭಾಗವಾದರೆ ಎರಡು ಗಂಟೆ, 200 ಆದರೆ ಅರ್ಧ ಗಂಟೆ, ಲೆಕ್ಕ ಒಂದೇ. ದೊಡ್ಡ ಶೈತ್ಯಾಗಾರಗಳಲ್ಲಿ ಇಡೀ ರೂಮಿಗೆ ಗ್ಯಾಸ್ ಬಿಡುತ್ತಾರೆ. ಸಣ್ಣವರಿಗೆ ಅದು ಬೇಡ, ಅಪಾಯ. ನಮಗೆ ಬಾಕ್ಸಿಗೊಂದು ಪ್ಯಾಡ್ ಸಾಕು.

ಪ್ಯಾಡ್ ಅಂದರೆ ಕಾಗದ, ಪ್ಲಾಸ್ಟಿಕ್ಕಿನ ತೆಳು ಹಾಳೆ. ಒಳಗೆ ಸೋಡಿಯಂ ಮೆಟಾಬೈಸಲ್ಫೈಟ್ ಪುಡಿ. ಬಾಕ್ಸಿನೊಳಗಿನ ತೇವ ತಾಗಿದಾಗ ಗ್ಯಾಸ್ ಬಿಡುತ್ತದೆ. ಎರಡು ಪದರದ ಪ್ಯಾಡ್ ಕೇಳಿ ತನ್ನಿ. ಒಂದು ಪದರ ಮೊದಲ ಒಂದೆರಡು ದಿನದಲ್ಲಿ ಜೋರಾಗಿ ಬಿಟ್ಟು ಸಿಪ್ಪೆಯ ಮೇಲಿನ ಬೀಜಕಣ ಕೊಲ್ಲುತ್ತದೆ. ಇನ್ನೊಂದು ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿಟ್ಟು ಹೊಸದಾಗಿ ಹಬ್ಬದಂತೆ ನೋಡಿಕೊಳ್ಳುತ್ತದೆ.

ಕ್ರಮ ಹೀಗೆ: ಬಾಕ್ಸಿನೊಳಗೆ ಸಣ್ಣ ತೂತುಗಳಿರುವ ಪ್ಲಾಸ್ಟಿಕ್ ಲೈನರ್, ಅದರೊಳಗೆ ಗೊಂಚಲುಗಳು, ಕಡ್ಡಿ ಮೇಲ್ಮುಖವಾಗಿ. ಮೇಲೆ ತೇವ ಹೀರುವ ಒಂದು ಕಾಗದ, ಅದರ ಮೇಲೆ ಪ್ಯಾಡ್, ಆಮೇಲೆ ಲೈನರ್ ಮಡಚಿ ಮುಚ್ಚಳ. ಪ್ಯಾಡಿನ ಯಾವ ಬದಿ ಕೆಳಗೆ ಎಂಬುದು ಅದರ ಮೇಲೇ ಬರೆದಿರುತ್ತದೆ. ಎಷ್ಟು ಕಿಲೋ ಬಾಕ್ಸಿಗೆ ಎಂಬುದೂ ಇರುತ್ತದೆ. 5 ಕಿಲೋ ಬಾಕ್ಸಿಗೆ 8 ಕಿಲೋ ಪ್ಯಾಡ್ ಹಾಕಿದರೆ ಜಾಸ್ತಿ ರಕ್ಷಣೆ ಸಿಗುವುದಿಲ್ಲ, ಹಣ್ಣು ಸುಡುತ್ತದೆ.

ಈಗ ನನ್ನ ಆ 60 ಬಾಕ್ಸಿನ ಕಥೆ. ಹಣ್ಣು ಇಳಿಸಿದ ಬೆಳಿಗ್ಗೆ ಕೆಲಸದ ಹುಡುಗರು ಬಿಡುವಾಗಿದ್ದರು. ಪ್ಯಾಡು, ಲೈನರು ಎಲ್ಲ ಆಗಲೇ ಹಾಕಿ ಮುಚ್ಚಿಬಿಡೋಣ ಅಂತ ಮಾಡಿಸಿದೆ. ಹಣ್ಣು ಇನ್ನೂ 27 ಡಿಗ್ರಿ ಇತ್ತು. ಮುಚ್ಚಿದ ಬಿಸಿ ಹಣ್ಣು ಕೋಲ್ಡ್ ರೂಮಿಗೆ ಹೋದಾಗ ಲೈನರಿನ ಒಳಮೈಗೆ ನೀರು ಕೂತಿತು. ಆ ನೀರು ತಾಗಿ ಪ್ಯಾಡು ಎರಡು ತಿಂಗಳಿಗೆ ಬಿಡಬೇಕಾದ ಗ್ಯಾಸನ್ನು ಎರಡು ದಿನದಲ್ಲೇ ಬಿಟ್ಟಿತು. ಹತ್ತನೇ ದಿನ ತೆರೆದು ನೋಡಿದರೆ ತೊಟ್ಟಿನ ಸುತ್ತ ಹಣ್ಣೆಲ್ಲ ಬೆಳ್ಳಗೆ, ಸುಣ್ಣ ಹಚ್ಚಿದ ಹಾಗೆ. ತಿಂದರೆ ಗಂಟಲಲ್ಲಿ ಬೆಂಕಿಕಡ್ಡಿ ಗೀರಿದಂಥ ವಾಸನೆ. ಗ್ಯಾಸ್ ಮುಗಿದ ಮೇಲೆ ಉಳಿದದ್ದಕ್ಕೆ ಬೂಸ್ಟು ಬಂತು.

ಆದ್ದರಿಂದ ಹಣ್ಣು ತಣಿಯುವ ಮೊದಲು ಪ್ಯಾಡ್ ಬೇಡವೇ ಬೇಡ. ಪ್ರಿಕೂಲಿಂಗ್ ಮುಗಿದ ಮೇಲೆ, ಕೋಲ್ಡ್ ರೂಮಿನ ಒಳಗೇ ನಿಂತು ಪ್ಯಾಡ್ ಹಾಕಿ, ಲೈನರ್ ಮುಚ್ಚಿ. ಚಳಿಗೆ ಕೈ ಮರಗಟ್ಟುತ್ತದೆ, ಹುಡುಗರು ಬೈದುಕೊಳ್ಳುತ್ತಾರೆ. ಸ್ವೆಟರ್ ಕೊಡಿಸಿ, ಚಾ ಕೊಡಿಸಿ.

ಎಚ್ಚರಿಕೆ ಎರಡು. ಪ್ಯಾಡಿನ ಕಟ್ಟನ್ನು ಒಣ ಜಾಗದಲ್ಲಿ, ಬಿಗಿಯಾಗಿ ಮುಚ್ಚಿಡಿ. ನಮ್ಮ ಹವೆಗೆ ತೆರೆದಿಟ್ಟ ಪ್ಯಾಡು ಕಪಾಟಿನಲ್ಲೇ ಗ್ಯಾಸ್ ಬಿಟ್ಟು ಖಾಲಿಯಾಗುತ್ತದೆ. ಇನ್ನೊಂದು, ಅಸ್ತಮಾ ಇರುವವರಿಗೆ ಈ ಗ್ಯಾಸ್ ಆಗಿಬರುವುದಿಲ್ಲ. ಅಂಥವರನ್ನು ಈ ಕೆಲಸಕ್ಕೆ ಹಚ್ಚಬೇಡಿ. ತಾಜಾ ದ್ರಾಕ್ಷಿಯಲ್ಲಿ ಇದರ ಅಂಶ ಕಿಲೋಗೆ 10 ಮಿಲಿಗ್ರಾಂ ಮೀರಬಾರದು ಅಂತ ಅಮೆರಿಕ, ಯುರೋಪಿನಲ್ಲಿ ನಿಯಮವೇ ಇದೆ.

ಹಂತ 5: ರೂಮ್ ಹೇಗಿರಬೇಕು

ದ್ರಾಕ್ಷಿಗೆ ಬೇಕಾದ್ದು ಮೈನಸ್ 1ರಿಂದ 0 ಡಿಗ್ರಿ, ಗಾಳಿಯ ತೇವ 90ರಿಂದ 95 ಶೇಕಡಾ. ಮೈನಸ್ಸಿನಲ್ಲಿ ಹಣ್ಣು ಹೆಪ್ಪುಗಟ್ಟುವುದಿಲ್ಲವೇ ಅಂತ ಕೇಳುತ್ತಾರೆ. ಒಳಗಿನ ಸಕ್ಕರೆಯಿಂದಾಗಿ ಹಣ್ಣು 0ಗೆ ಹೆಪ್ಪುಗಟ್ಟುವುದಿಲ್ಲ, ಸುಮಾರು ಮೈನಸ್ 2ರ ತನಕ ತಡೆಯುತ್ತದೆ. ಆದರೆ ಸಣ್ಣ ರೂಮುಗಳ ಥರ್ಮೋಸ್ಟಾಟ್ ಒಂದು ಡಿಗ್ರಿ ಆಚೆ ಈಚೆ ಆಡುತ್ತಲೇ ಇರುತ್ತದೆ. ನಿಮ್ಮದು ಹಾಗಿದ್ದರೆ ಧೈರ್ಯ ಮಾಡಬೇಡಿ, ಪ್ಲಸ್ 0.5ಕ್ಕೆ ಇಡಿ. ಒಮ್ಮೆ ಹೆಪ್ಪುಗಟ್ಟಿ ಕರಗಿದ ಹಣ್ಣು ಬರೀ ನೀರು.

ಅಂಕೆಗಿಂತ ಮುಖ್ಯ ಅದು ಕದಲದಿರುವುದು. ಉಷ್ಣಾಂಶ ಏರಿ ಇಳಿದಾಗಲೆಲ್ಲ ಹಣ್ಣಿನ ಮೇಲೆ ನೀರು ಕೂರುತ್ತದೆ. ನಾವು ಅದಕ್ಕೆ ಬೆವರುವುದು ಅನ್ನುತ್ತೇವೆ. ಬಾಗಿಲಿಗೆ ಪ್ಲಾಸ್ಟಿಕ್ ಪಟ್ಟಿಯ ಪರದೆ ಹಾಕಿ. ದಿನಕ್ಕೆ ಎರಡೇ ಸಲ ತೆರೆಯುವುದು ಅಂತ ನಿಯಮ ಮಾಡಿಕೊಳ್ಳಿ. ಹಣ್ಣು ತೋರಿಸಿ ಅಂತ ಬಂದವರಿಗೆಲ್ಲ ಬಾಗಿಲು ತೆರೆಯುವ ಚಾಳಿ ಬಿಡಿ, ತೋರಿಸಲೆಂದೇ ಒಂದು ಬಾಕ್ಸ್ ಹೊರಗಿನ ಫ್ರಿಜ್ಜಿನಲ್ಲಿರಲಿ.

ಹೊರಗೆ ಇಷ್ಟು ತೇವ ಇರುವಾಗ ರೂಮಿನೊಳಗೆ ಯಾಕೆ ಒಣಗುತ್ತದೆ? ಕೂಲಿಂಗ್ ಕಾಯಿಲ್ ರೂಮಿನ ಗಾಳಿಗಿಂತ ಬಹಳ ತಣ್ಣಗಿದ್ದರೆ ಗಾಳಿಯ ತೇವವೆಲ್ಲ ಅದರ ಮೇಲೆ ಹಿಮವಾಗಿ ಕೂರುತ್ತದೆ. ಆ ನೀರು ಬಂದದ್ದು ನಿಮ್ಮ ಹಣ್ಣಿನಿಂದಲೇ. ರೂಮು ಕಟ್ಟಿಸುವಾಗ ದೊಡ್ಡ ಕಾಯಿಲ್ ಹಾಕಿಸಿ, ಗಾಳಿಗೂ ಕಾಯಿಲ್‌ಗೂ 3ರಿಂದ 5 ಡಿಗ್ರಿ ಮಾತ್ರ ವ್ಯತ್ಯಾಸ ಇರುವಂತೆ. ಆರಂಭದಲ್ಲಿ ಖರ್ಚು ಜಾಸ್ತಿ, ಆಮೇಲೆ ಪ್ರತಿ ಬಾಕ್ಸಿನ ತೂಕದಲ್ಲಿ ವಾಪಸ್ ಬರುತ್ತದೆ. ರೂಮಿನಲ್ಲಿ ಬಕೆಟ್ ನೀರಿಡುವುದರಿಂದ ಏನೂ ಆಗದು, ನಾನು ಇಟ್ಟು ನೋಡಿದ್ದೇನೆ.

ಬಾಕ್ಸುಗಳು ನೆಲಕ್ಕೆ ತಾಗದಂತೆ ಮರದ ಪ್ಯಾಲೆಟ್ ಮೇಲಿರಲಿ, ಗೋಡೆಯಿಂದ ಒಂದು ಗೇಣು ದೂರ.

ಬೇರೆ ಯಾವುದನ್ನೂ ಜೊತೆಗೆ ಇಡಬೇಡಿ. ಗಂಧಕದ ಗಾಳಿ ಬೇರೆ ಹಣ್ಣು, ತರಕಾರಿಯನ್ನು ಹಾಳು ಮಾಡುತ್ತದೆ. ದ್ರಾಕ್ಷಿಯೋ ಅಕ್ಕಪಕ್ಕದ ವಾಸನೆ ಎಳೆದುಕೊಳ್ಳುತ್ತದೆ. ಒಂದು ವರ್ಷ ರೂಮು ಸಾಲದೆ ಕರಾವಳಿಯಲ್ಲಿ ಬಾಡಿಗೆಗೆ ಜಾಗ ಹಿಡಿದೆ. ತೊಳೆದು ಕೊಟ್ಟಿದ್ದರು, ಮೂಗಿಗೆ ಏನೂ ಗೊತ್ತಾಗಲಿಲ್ಲ. ಹಿಂದೆ ಅದರಲ್ಲಿ ಮೀನು ಇಡುತ್ತಿದ್ದರು. ಮೂರು ವಾರದ ಮೇಲೆ ದ್ರಾಕ್ಷಿಗೆ ಬಂಗಡೆಯ ಪರಿಮಳ. ಬಂಗಡೆ ನನಗೂ ಇಷ್ಟವೇ, ದ್ರಾಕ್ಷಿಯಲ್ಲಿ ಅಲ್ಲ.

ಕರೆಂಟ್ ಇಲ್ಲದೆ ಇಡಬಹುದೇ?

ಇಟ್ಟಿಗೆಯ ಎರಡು ಗೋಡೆ ಕಟ್ಟಿ, ನಡುವೆ ಮರಳು ತುಂಬಿ ನೀರು ಹಾಕುವ ತಂಪು ಪೆಟ್ಟಿಗೆಯನ್ನು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ರೂಪಿಸಿದ್ದಾರೆ. ಬಯಲುಸೀಮೆಗೆ ಒಳ್ಳೆಯದು. ಆದರೆ ಅದು ನೀರು ಆವಿಯಾಗುವುದರಿಂದ ತಣಿಯುವ ವ್ಯವಸ್ಥೆ, ಒಣ ಗಾಳಿ ಇದ್ದರೆ ಮಾತ್ರ ಕೆಲಸ. ಕಾರವಾರ, ಕುಮಟೆಯಲ್ಲಿ ಹಾಕಿದ ಬಟ್ಟೆಯೇ ಒಣಗುವುದಿಲ್ಲ, ಇನ್ನು ಮರಳು ಎಲ್ಲಿ ಒಣಗಬೇಕು? ಇಲ್ಲಿ ಅದಕ್ಕೆ ದುಡ್ಡು ಹಾಕಬೇಡಿ.

ಅಫ್ಘಾನಿಸ್ತಾನದಲ್ಲಿ ಹಸಿ ಮಣ್ಣಿಗೆ ಹುಲ್ಲು ಸೇರಿಸಿ ತಟ್ಟೆ ಮಾಡಿ ಒಣಗಿಸುತ್ತಾರೆ. ಎರಡು ತಟ್ಟೆಯ ನಡುವೆ ದ್ರಾಕ್ಷಿ ಇಟ್ಟು ಅಂಚಿಗೆ ಮಣ್ಣು ಮೆತ್ತಿ ಮುಚ್ಚಿ, ಚಳಿಗಾಲ ಪೂರ್ತಿ ಇಡುತ್ತಾರೆ. ಕಂಗೀನಾ ಅಂತ ಹೆಸರು. ವಸಂತದ ಹೊಸ ವರ್ಷಕ್ಕೆ ಮಣ್ಣು ಒಡೆದರೆ ಹಣ್ಣು ಹಾಗೇ ಇರುತ್ತದಂತೆ. ಅಲ್ಲಿಯ ಚಳಿಯೂ ಒಣ ಹವೆಯೂ ನಮಗೆಲ್ಲಿ ಬರಬೇಕು?

ಹಂತ 6: ವಾರಕ್ಕೊಮ್ಮೆ ನೋಡುವುದು

ಇಟ್ಟು ಮರೆತರೆ ಆಗದು. ವಾರಕ್ಕೊಮ್ಮೆ ಮೂರು ಬಾಕ್ಸ್ ತೆರೆಯಿರಿ: ಬಾಗಿಲ ಹತ್ತಿರದ್ದು, ನಡುವಿನದ್ದು, ಫ್ಯಾನಿನ ಎದುರಿನದ್ದು. ಬಾಗಿಲ ಹತ್ತಿರ ಬೂಸ್ಟು ಮೊದಲು ಬರುತ್ತದೆ, ಫ್ಯಾನಿನ ಎದುರು ಕಡ್ಡಿ ಮೊದಲು ಒಣಗುತ್ತದೆ. ರೂಮಿನೊಳಗೇ ತೆರೆಯಬೇಕು, ಹೊರಗೆ ತಂದಲ್ಲ.

ಈ ಮೂರು ಬಾಕ್ಸಿಗೆ ಶುರುವಿನಲ್ಲೇ ತೂಕ ಬರೆದು ಚೀಟಿ ಅಂಟಿಸಿ. 5 ಕಿಲೋ ಬಾಕ್ಸ್ 100 ಗ್ರಾಂ ಇಳಿದರೆ 2 ಶೇಕಡಾ, ಎಚ್ಚರ ಆಗುವ ಹೊತ್ತು. 150 ಗ್ರಾಂ ಇಳಿದಿದ್ದರೆ ಯೋಚನೆ ಮಾಡಬೇಡಿ, ಮಾರಲು ಶುರು ಮಾಡಿ.

ಗೊಂಚಲನ್ನು ಕಡ್ಡಿ ಹಿಡಿದೆತ್ತಿ ಮೆಲ್ಲಗೆ ಅಲ್ಲಾಡಿಸಿ. ಒಂದೆರಡು ಹಣ್ಣು ಉದುರಿದರೆ ಸರಿ, ಏಳೆಂಟು ಉದುರಿದರೆ ಕಷ್ಟ. ಆಮೇಲೆ ಬಣ್ಣ ಸ್ವಲ್ಪ ಮಂಕಾದ ಹಣ್ಣಿದ್ದರೆ ಅದರ ಮೇಲೆ ಹೆಬ್ಬೆರಳು ಒತ್ತಿ ಜಾರಿಸಿ. ಸಿಪ್ಪೆ ತಿರುಳಿನಿಂದ ಬೇರೆಯಾಗಿ ಜಾರಿದರೆ ಒಳಗೆ ಬೊಟ್ರೈಟಿಸ್ ಕೂತಿದೆ. ಹೊರಗೆ ಬೂದು ಬಣ್ಣ ಕಾಣುವ ಮೊದಲೇ ಇದರಲ್ಲಿ ಗೊತ್ತಾಗುತ್ತದೆ. ಬೂಸ್ಟು ಕಂಡ ಬಾಕ್ಸನ್ನು ಹಾಗೇ ಮುಚ್ಚಿ ಹೊರಗೊಯ್ಯಿರಿ, ರೂಮಿನೊಳಗೆ ಕೊಡವಿ ಆರಿಸಲು ಕೂರಬೇಡಿ. ತೊಟ್ಟಿನ ಸುತ್ತ ಬಿಳಿ ಕಂಡರೆ ಗ್ಯಾಸ್ ಜಾಸ್ತಿ. ಆ ಬಾಕ್ಸುಗಳ ಪ್ಯಾಡ್ ತೆಗೆದು ಬೇಗ ಖಾಲಿ ಮಾಡಿ.

ಹಂತ 7: ಹೊರಗೆ ತೆಗೆಯುವುದು, ಘಟ್ಟ ಇಳಿಸುವುದು

ಬೇರೆ ಊರಿನ ಮಾರ್ಗದರ್ಶಿಗಳಲ್ಲಿ ಇದಕ್ಕೆ ಎರಡು ಸಾಲೂ ಇರುವುದಿಲ್ಲ. ನಮಗೆ ಇದೇ ದೊಡ್ಡ ಗಂಡಾಂತರ. ಮೇ ತಿಂಗಳಲ್ಲಿ ಕಾರವಾರದ ಗಾಳಿಯಲ್ಲಿ ಎಷ್ಟು ತೇವ ಇರುತ್ತದೆಂದರೆ, 25 ಡಿಗ್ರಿಗಿಂತ ತಣ್ಣಗಿರುವ ಯಾವುದರ ಮೇಲಾದರೂ ನೀರು ಕೂರುತ್ತದೆ. ಸೋಡಾ ಬಾಟಲಿ ಬೆವರುವುದು ನೋಡಿಲ್ಲವೇ? 0 ಡಿಗ್ರಿಯ ದ್ರಾಕ್ಷಿಯನ್ನು ಅಲ್ಲಿ ತೆರೆದಿಟ್ಟರೆ ನಿಮಿಷದಲ್ಲಿ ಸ್ನಾನ ಮಾಡಿಸಿದಂತೆ ಒದ್ದೆ. ಮರುದಿನ ಹೊಳಪು ಹೋಗುತ್ತದೆ, ಮೂರನೇ ದಿನ ಬೂಸ್ಟು.

ದೇವಿಮನೆ ಘಟ್ಟ ಇಳಿದು ಕುಮಟೆಗೆ ಮೊದಲ ಲೋಡ್ ಕಳಿಸಿದಾಗ ಹೀಗೇ ಆಯಿತು. ಅಂಗಡಿಯವರು ತಣ್ಣಗಿರುವಾಗಲೇ ಬಾಕ್ಸ್ ತೆರೆದು, ಗೊಂಚಲನ್ನು ಹಗ್ಗಕ್ಕೆ ತೂಗುಹಾಕಿದ್ದರು. 'ಎಂಥ ಹಣ್ಣು ಕೊಟ್ರಿ ಮಾರಾಯ್ರೆ' ಅಂತ ಮೂರನೇ ದಿನ ಫೋನು. ತಪ್ಪು ಅವರದ್ದಲ್ಲ, ನಾನು ಹೇಳಿಕೊಡಬೇಕಿತ್ತು.

ಈಗ ಪ್ರತಿ ಬಾಕ್ಸಿನ ಮೇಲೆ ಚೀಟಿ ಅಂಟಿಸುತ್ತೇನೆ: ಹಣ್ಣು ಹೊರಗಿನಷ್ಟೇ ಬೆಚ್ಚಗಾಗುವ ತನಕ ಒಳಗಿನ ಲೈನರ್ ತೆರೆಯಬೇಡಿ. ಲೈನರ್ ಮುಚ್ಚಿದ್ದರೆ ನೀರು ಅದರ ಹೊರಮೈಗೆ ಕೂರುತ್ತದೆ, ಹಣ್ಣು ಒದ್ದೆಯಾಗುವುದಿಲ್ಲ. ಬಾಕ್ಸುಗಳನ್ನು ಬಿಡಿಬಿಡಿಯಾಗಿ ಇಟ್ಟು ಫ್ಯಾನ್ ಹಾಕಿ, ರಟ್ಟು ಒದ್ದೆಯಾಗಿ ಕುಸಿಯದಿರಲಿ. ಸಂಜೆ ಇಳಿಸಿದರೆ ಬೆಳಿಗ್ಗೆ ತೆರೆಯಬಹುದು. ಅಂಗಡಿಯಲ್ಲಿ ಗಾಜಿನ ಚಿಲ್ಲರ್ ಇದ್ದರೆ ಇನ್ನೂ ಒಳ್ಳೆಯದು, ನೇರ ಅದಕ್ಕೇ ಹೋಗಲಿ. ತೆರೆದ ಮೇಲೆ ಗಾಳಿಗೆ ಸ್ವಲ್ಪ ಹೊತ್ತು ಬಿಟ್ಟರೆ ಗಂಧಕದ ವಾಸನೆಯೂ ಹೋಗುತ್ತದೆ. ಎರಡು ಮೂರು ದಿನಕ್ಕೆ ಬೇಕಾದಷ್ಟೇ ಒಯ್ಯಲು ಹೇಳಿ.

ಯಾವಾಗ ಮಾರುವುದು ಎಂಬುದಕ್ಕೂ ನಮ್ಮ ಊರಿನ ಲೆಕ್ಕ ಬೇರೆ. ಮೇ ತಿಂಗಳಲ್ಲಿ ಅಂಕೋಲೆಯ ಕರಿ ಇಶಾಡ ಮಾವು ಬಂದ ಮೇಲೆ ದ್ರಾಕ್ಷಿಯನ್ನು ಯಾರು ಕೇಳುತ್ತಾರೆ? ಮಾವು ಜೋರಾಗುವ ಮೊದಲು ಮುಕ್ಕಾಲು ಪಾಲು ಮಾರಿ. ಉಳಿದದ್ದು ಮದುವೆ ಮನೆಗಳಿಗೆ. ಮೃಗಶಿರ ಮಳೆ ಹಿಡಿಯುವ ಹೊತ್ತಿಗೆ ರೂಮು ಖಾಲಿ ಇರಬೇಕು. ಜೂನಿನ ಮೊದಲ ಗಾಳಿಮಳೆಗೆ ಮರ ಬಿದ್ದು ಲೈನ್ ಹೋದರೆ ಕರೆಂಟ್ ಯಾವಾಗ ಬರುತ್ತದೆಂದು ಹೇಳಲಾಗದು. ಜನರೇಟರ್ ಡೀಸೆಲ್ಲಿಗೇ ಲಾಭ ಹೋಗುತ್ತದೆ.

ಮನೆಯ ಫ್ರಿಜ್ಜಿನಲ್ಲಿ

ಮನೆಯವರು ಮಾಡುವ ದೊಡ್ಡ ತಪ್ಪು ತಂದ ಕೂಡಲೇ ತೊಳೆಯುವುದು. ತಿನ್ನುವಾಗ, ತಿನ್ನುವಷ್ಟನ್ನೇ ತೊಳೆಯಿರಿ. ಬಿರಿದ, ಮೆತ್ತಗಾದ ಹಣ್ಣನ್ನು ಕತ್ತರಿಯಿಂದ ತೆಗೆದು, ಪ್ಲಾಸ್ಟಿಕ್ ಕೊಟ್ಟೆಗೆ (ಚೀಲಕ್ಕೆ) ನಾಲ್ಕೈದು ತೂತು ಮಾಡಿ, ಒಳಗೊಂದು ಕಾಗದ ಹಾಸಿ, ಗೊಂಚಲು ಇಡಿ. ಫ್ರಿಜ್ಜಿನ ಹಿಂಬದಿಯ ಜಾಗ ತಣ್ಣಗಿರುತ್ತದೆ, ಬಾಗಿಲಿನ ತಟ್ಟೆ ಬೇಡ. ಒಳ್ಳೆಯ ಹಣ್ಣಾದರೆ ಎರಡು ವಾರ ಬರುತ್ತದೆ. ಗಂಧಕದ ಪ್ಯಾಡನ್ನು ಮನೆಯ ಫ್ರಿಜ್ಜಿನಲ್ಲಿ ಹಾಕುವ ಪ್ರಯೋಗ ಮಾತ್ರ ಮಾಡಬೇಡಿ.

ಎಷ್ಟೇ ಜಾಗ್ರತೆ ಮಾಡಿದರೂ ಬಾಕ್ಸಿನ ತಳದಲ್ಲಿ ಒಂದಷ್ಟು ಉದುರು ಹಣ್ಣು ಉಳಿಯುತ್ತದೆ. ಸಿಪ್ಪೆ ಗಟ್ಟಿ ಇದ್ದು ತೊಟ್ಟು ಮಾತ್ರ ಬಿಟ್ಟಿದ್ದರೆ ಬಿಸಾಡಬೇಡಿ. ಬೇರೆ ಬುಟ್ಟಿಗೆ ಹಾಕಿ, ಅರ್ಧ ರೇಟಿಗೆ ಕೊಡಿ. ಮೇ ತಿಂಗಳ ಮದುವೆ, ಉಪನಯನದ ಅಡುಗೆ ಭಟ್ಟರು ಬೆಳಿಗ್ಗೆ ಐದಕ್ಕೇ ಬಂದು ಕೇಳುತ್ತಾರೆ. ಅವರಿಗೆ ಕಡ್ಡಿ ಹಸಿರೋ ಕಂದೋ ಬೇಕಾಗಿಲ್ಲ, ಅನಾನಸ್ ಜೊತೆ ಸಾಸಿವೆ ಎಂಬ ಅಡುಗೆ ಮಾಡಲು ಉದುರು ಹಣ್ಣೇ ಬೇಕು. ಬಿಡಿಸುವ ಕೆಲಸ ಉಳಿಯಿತಲ್ಲ ಅನ್ನುತ್ತಾರೆ.